ಲಿಲಿ ಗೆಡ್ಡೆಯ ವಹಿವಾಟು: ರೋಗ, ಅಗೆತ ಮತ್ತು ಶೇಖರಣೆ ಕಲಿಸುವ ಪಾಠ

ಹೂವಿನ ವ್ಯಾಪಾರವೆಂದೊಡನೆ ನಸುಕಿನಲ್ಲಿ ಮಾರುಕಟ್ಟೆಗೆ ಬಂದು ಮಧ್ಯಾಹ್ನದೊಳಗೆ ಮಾರಾಟವಾಗಬೇಕಾದ ಸರಕಿನ ಚಿತ್ರ ಕಣ್ಣ ಮುಂದೆ ನಿಲ್ಲುತ್ತದೆ. ಆದರೆ ಕೆಲವು ಹೂಗಳ ಹಿಂದೆ ವರ್ಷಗಟ್ಟಲೆ ನಡೆಯುವ ಇನ್ನೊಂದು ವ್ಯಾಪಾರವಿದೆ. ಅದು ಗೆಡ್ಡೆಯ ವ್ಯಾಪಾರ. ಲಿಲಿ ಇದಕ್ಕೆ ಉತ್ತಮ ನಿದರ್ಶನ. ಮದುವೆಯ ಮಂಟಪದಲ್ಲಿಯೂ ಹೋಟೆಲಿನ ಸ್ವಾಗತ ಕಕ್ಷೆಯಲ್ಲಿಯೂ ಕಂಗೊಳಿಸುವ ಲಿಲಿಯ ಒಂದೊಂದು ಕಡ್ಡಿಯ ಹಿಂದೆಯೂ ಎರಡು ಮೂರು ವರ್ಷ ಮಣ್ಣಿನಲ್ಲಿ ಬೆಳೆದು, ಅಗೆಯಲ್ಪಟ್ಟು, ತೊಳೆಯಲ್ಪಟ್ಟು, ತಿಂಗಳುಗಟ್ಟಲೆ ಶೈತ್ಯಾಗಾರದಲ್ಲಿ ಕಳೆದು, ಹಡಗಿನಲ್ಲಿ ಸಾಗಿ ಬಂದ ಒಂದು ಗೆಡ್ಡೆ ಇರುತ್ತದೆ.

ಗುಲಾಬಿಯ ಗಿಡ ಒಮ್ಮೆ ನೆಟ್ಟರೆ ವರ್ಷಗಳ ಕಾಲ ಹೂ ಕೊಡುತ್ತದೆ. ವಾಣಿಜ್ಯ ಲಿಲಿಯಲ್ಲಿ ಒಂದು ಗೆಡ್ಡೆಗೆ ಒಂದೇ ಹೂಗಡ್ಡಿ. ಗೆಡ್ಡೆ ಕೊಳೆತರೆ ಆ ಕಡ್ಡಿಯ ಆದಾಯ ಪೂರ್ಣವಾಗಿ ನಷ್ಟ. ಇದಕ್ಕಿಂತಲೂ ಮುಖ್ಯವಾದ ಸಂಗತಿಯೆಂದರೆ, ಗೆಡ್ಡೆಯೊಳಗಿನ ದೋಷ ಮಾರಾಟದ ದಿನ ಕಣ್ಣಿಗೆ ಬೀಳುವುದೇ ಇಲ್ಲ. ಬೆಳೆಗಾರನ ಹೊಲದಲ್ಲಿ ಅಥವಾ ದಾಸ್ತಾನು ಕೋಣೆಯಲ್ಲಿ ಆದ ತಪ್ಪು ಹಲವು ತಿಂಗಳ ನಂತರ ಖರೀದಿದಾರನ ಹಸಿರುಮನೆಯಲ್ಲಿ ಬಯಲಾಗುತ್ತದೆ. ಇಂತಹ ಸರಕಿನಲ್ಲಿ ವ್ಯಾಪಾರ ಉಳಿಯಬೇಕಾದರೆ ಏನು ಬೇಕು ಎಂಬುದಕ್ಕೆ ಲಿಲಿಯ ನೂರೈವತ್ತು ವರ್ಷಗಳ ಚರಿತ್ರೆ ಸ್ಪಷ್ಟ ಉತ್ತರ ಕೊಡುತ್ತದೆ.

ಸಿಪ್ಪೆಯಿಲ್ಲದ ಗೆಡ್ಡೆ

ಮೊದಲಿಗೆ ಸರಕಿನ ಸ್ವಭಾವವನ್ನು ಅರಿಯುವುದು ಅಗತ್ಯ. ನಮ್ಮ ವರ್ತಕರಿಗೆ ಈರುಳ್ಳಿ ಚಿರಪರಿಚಿತ. ಈರುಳ್ಳಿಯ ಮೈಮೇಲೆ ಒಣಸಿಪ್ಪೆಯ ಹೊದಿಕೆಯಿದೆ. ಚೆನ್ನಾಗಿ ಒಣಗಿಸಿ ಗಾಳಿಯಾಡುವಂತೆ ಇಟ್ಟರೆ ಅದು ತಿಂಗಳುಗಳ ಕಾಲ ಬಾಳುತ್ತದೆ. ಟ್ಯೂಲಿಪ್ ಗೆಡ್ಡೆಗೂ ಅಂತಹುದೇ ಹೊದಿಕೆಯುಂಟು. ಲಿಲಿಗೆ ಇದಿಲ್ಲ. ಅದು ಮಾಂಸಲವಾದ ಬಿಳಿ ಎಸಳುಗಳು ಒಂದರ ಮೇಲೊಂದು ಹೆಂಚಿನಂತೆ ಜೋಡಣೆಗೊಂಡ ಬತ್ತಲೆ ಗೆಡ್ಡೆ. ಅದನ್ನು ಬಿಸಿಲಿಗೆ ಹರಡಿದರೆ ಎಸಳುಗಳು ನೀರು ಕಳೆದುಕೊಂಡು ಮುದುಡುತ್ತವೆ, ಎತ್ತರದಿಂದ ಸುರಿದರೆ ಮುರಿಯುತ್ತವೆ. ಮುರಿದ ಪ್ರತಿಯೊಂದು ಜಾಗವೂ ಶಿಲೀಂಧ್ರಕ್ಕೆ ತೆರೆದ ಬಾಗಿಲು.

ಎರಡನೆಯದಾಗಿ, ಲಿಲಿ ಗೆಡ್ಡೆ ಎಂದಿಗೂ ಪೂರ್ಣವಾಗಿ ನಿದ್ರಿಸುವುದಿಲ್ಲ. ಅಗೆದ ನಂತರವೂ ಅದರ ಬುಡದ ತಟ್ಟೆಯಲ್ಲಿ ಬೇರುಗಳು ಜೀವಂತವಾಗಿರುತ್ತವೆ. ಅವು ಒಣಗಿದರೆ ಮುಂದಿನ ಬೆಳೆಯ ಆರಂಭವೇ ದುರ್ಬಲವಾಗುತ್ತದೆ. ಆದ್ದರಿಂದ ಲಿಲಿ ಗೆಡ್ಡೆಯನ್ನು ಒಣಗಿಸಿ ಇಡುವುದಿಲ್ಲ. ತೇವವಿರುವ ಪೀಟ್ ಹುಡಿಯಲ್ಲಿ ತಂಪಾಗಿ ಇಡಲಾಗುತ್ತದೆ. ತೇವ ಕಡಿಮೆಯಾದರೆ ಗೆಡ್ಡೆ ಬಾಡುತ್ತದೆ, ಹೆಚ್ಚಾದರೆ ಕೊಳೆಯುತ್ತದೆ. ಈ ಸೂಕ್ಷ್ಮ ಸಮತೋಲನವೇ ಇಡೀ ಉದ್ಯಮದ ತಿರುಳು.

ಬರ್ಮುಡಾ ಕಂಡ ಏಳುಬೀಳು

ಬಿಳಿಯ ತುತ್ತೂರಿಯಂತಹ ಹೂ ಬಿಡುವ ಈಸ್ಟರ್ ಲಿಲಿಯ ತವರು ಜಪಾನಿನ ದಕ್ಷಿಣಕ್ಕಿರುವ ರ್‍ಯುಕ್ಯು ದ್ವೀಪಸಮೂಹ. 19ನೆಯ ಶತಮಾನದ ಮಧ್ಯಭಾಗದಲ್ಲಿ ಅದು ಅಟ್ಲಾಂಟಿಕ್ ಸಾಗರದ ಪುಟ್ಟ ದ್ವೀಪ ಬರ್ಮುಡಾವನ್ನು ತಲುಪಿತು. ಅಲ್ಲಿನ ಹವೆ ಅದಕ್ಕೆ ಒಗ್ಗಿತು. ಅಮೆರಿಕದ ಫಿಲಡೆಲ್ಫಿಯಾ ನಗರದ ನರ್ಸರಿ ವರ್ತಕ ವಿಲಿಯಂ ಹ್ಯಾರಿಸ್ ಬರ್ಮುಡಾದ ಗೆಡ್ಡೆಗಳನ್ನು ಅಮೆರಿಕದ ಮಾರುಕಟ್ಟೆಗೆ ಪರಿಚಯಿಸಿದ ಮೇಲೆ ಈಸ್ಟರ್ ಹಬ್ಬಕ್ಕೆ ಈ ಹೂ ಅನಿವಾರ್ಯವೆನಿಸಿತು. ದ್ವೀಪದ ರೈತರಿಗೆ ಗೆಡ್ಡೆಯ ರಫ್ತು ದೊಡ್ಡ ಆದಾಯವಾಯಿತು.

ಆದರೆ ಆ ಶತಮಾನದ ಕೊನೆಯ ವೇಳೆಗೆ ಬರ್ಮುಡಾದ ಲಿಲಿ ಹೊಲಗಳಲ್ಲಿ ಎಲೆಗಳು ಮುರುಟಿ ಬಣ್ಣಗೆಟ್ಟು, ಗಿಡಗಳು ಕುಬ್ಜವಾಗತೊಡಗಿದವು. ಗೆಡ್ಡೆಗಳು ವರ್ಷದಿಂದ ವರ್ಷಕ್ಕೆ ಕ್ಷೀಣಿಸಿದವು. ಖರೀದಿದಾರರು ಜಪಾನಿನತ್ತ ತಿರುಗಿದರು. ಬಹುಕಾಲ ಈ ಹಾನಿಗೆ ಸಸ್ಯಹೇನುಗಳು ರಸ ಹೀರುವುದೇ ಕಾರಣವೆಂಬ ಅಭಿಪ್ರಾಯವಿತ್ತು. 1923ರಿಂದ 1928ರವರೆಗೆ ಬರ್ಮುಡಾ ಸರ್ಕಾರದ ಸಸ್ಯರೋಗ ತಜ್ಞರಾಗಿದ್ದ ಸ್ಕಾಟ್ಲೆಂಡಿನ ಲಾರೆನ್ಸ್ ಓಗಿಲ್ವಿ ಅವರು ಇದು ವೈರಸ್‌ನಿಂದ ಬರುವ ನಂಜು ರೋಗವೆಂದೂ, ಸಸ್ಯಹೇನು ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುವ ವಾಹಕ ಮಾತ್ರವೆಂದೂ ತೋರಿಸಿಕೊಟ್ಟರು. ಹೊಲಗಳಲ್ಲಿ ರೋಗಪೀಡಿತ ಗಿಡಗಳನ್ನು ಕಿತ್ತೊಗೆಯುವ, ಪ್ಯಾಕಿಂಗ್ ಮನೆಗಳಲ್ಲಿ ಗೆಡ್ಡೆಗಳನ್ನು ತಪಾಸಣೆಗೆ ಒಳಪಡಿಸುವ ಕ್ರಮಗಳು ಜಾರಿಗೆ ಬಂದವು. 1927ರಲ್ಲಿ 204 ಲಿಲಿ ಹೊಲಗಳಿಂದ 6,043 ಪೆಟ್ಟಿಗೆ ಗೆಡ್ಡೆ ರಫ್ತಾಯಿತು. ನೆಲಕಚ್ಚಿದ್ದ ವ್ಯಾಪಾರ ಚೇತರಿಸಿಕೊಂಡಿತು.

ನಂಜು ರೋಗದ ಅಪಾಯ ಗೆಡ್ಡೆ ಬೆಳೆಯಲ್ಲಿ ಏಕೆ ಹೆಚ್ಚು ಎಂಬುದನ್ನು ವರ್ತಕರು ತಿಳಿದಿರಬೇಕು. ಬೀಜದ ಮೂಲಕ ಬೆಳೆಯುವ ಸಸ್ಯದಲ್ಲಿ ಹಲವು ವೈರಸ್‌ಗಳು ಮುಂದಿನ ಪೀಳಿಗೆಗೆ ದಾಟುವುದಿಲ್ಲ. ಗೆಡ್ಡೆಯ ಎಸಳಿನಿಂದಲೇ ಮರಿಗೆಡ್ಡೆ ಬೆಳೆಸುವಲ್ಲಿ ತಾಯಿಯ ರೋಗ ಮಕ್ಕಳೆಲ್ಲರಿಗೂ ಬರುತ್ತದೆ. ವೈರಸ್ ತಗುಲಿದ ಗಿಡಕ್ಕೆ ಹೊಲದಲ್ಲಿ ಸಿಂಪಡಿಸಿ ಗುಣಪಡಿಸುವ ಔಷಧಿಯಿಲ್ಲ. ರೋಗವಿರುವ ಗೆಡ್ಡೆ ಸಾಮಾನ್ಯವಾಗಿ ಸಣ್ಣದಾಗಿರುತ್ತದೆ. ದಪ್ಪ ಗೆಡ್ಡೆಗಳನ್ನೆಲ್ಲ ಮಾರಿ ಸಣ್ಣವನ್ನು ಬಿತ್ತನೆಗೆ ಉಳಿಸಿಕೊಳ್ಳುವ ಬೆಳೆಗಾರ ತನಗೆ ಅರಿವಿಲ್ಲದೆಯೇ ರೋಗವನ್ನು ಆರಿಸಿ ಬಿತ್ತುತ್ತಾನೆ. ಇಂದಿನ ಲಾಭಕ್ಕಾಗಿ ನಾಳಿನ ಬಂಡವಾಳವನ್ನೇ ಮಾರಿದಂತೆ ಇದು.

ಲಿಲಿಯಲ್ಲಿ ಇನ್ನೊಂದು ತೊಡಕಿದೆ. ಲಿಲಿಯ ಒಂದು ವೈರಸ್ ಒಂಟಿಯಾಗಿದ್ದಾಗ ಎಲೆಯ ಮೇಲೆ ಯಾವ ಚಿಹ್ನೆಯನ್ನೂ ತೋರದಿರುವುದುಂಟು; ವಿಜ್ಞಾನಿಗಳು ಅದಕ್ಕೆ ‘ಲಕ್ಷಣರಹಿತ ವೈರಸ್’ ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ಸೌತೆಯ ಮೊಸಾಯಿಕ್ ವೈರಸ್ ಜೊತೆಗೂಡಿದಾಗ ಎಲೆಗಳಲ್ಲಿ ಸುಟ್ಟ ಚುಕ್ಕೆಗಳು ಮೂಡಿ ಹೂವಿನ ಬೆಲೆ ಕುಸಿಯುತ್ತದೆ. ಆದ್ದರಿಂದ ಕಣ್ಣಿನ ಪರೀಕ್ಷೆ ಸಾಲದು. ಪ್ರಯೋಗಾಲಯದ ಪರೀಕ್ಷೆ ಮತ್ತು ಅಂಗಾಂಶ ಕೃಷಿಯಿಂದ ಪಡೆದ ಶುದ್ಧ ಮೂಲಸಸ್ಯ ಈ ಉದ್ಯಮಕ್ಕೆ ಅನಿವಾರ್ಯವಾಗಿವೆ.

ಸೂಟ್‌ಕೇಸಿನಲ್ಲಿ ಬಂದ ಉದ್ಯಮ

ಜಪಾನ್ 1941ರವರೆಗೆ ಅಮೆರಿಕದ ಮಾರುಕಟ್ಟೆಯ ಪ್ರಮುಖ ಸರಬರಾಜುದಾರನಾಗಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆದು ಯುದ್ಧ ಘೋಷಣೆಯಾದಾಗ ಸರಬರಾಜು ಸಂಪೂರ್ಣವಾಗಿ ನಿಂತಿತು. ಅಷ್ಟರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಒಂದು ಬೀಜ ಮೊಳೆತಿತ್ತು. ಮೊದಲ ಮಹಾಯುದ್ಧದಿಂದ ಮರಳಿದ ಲೂಯಿಸ್ ಹೌಟನ್ ಎಂಬ ಸೈನಿಕ 1919ರಲ್ಲಿ ಸೂಟ್‌ಕೇಸಿನ ತುಂಬ ಲಿಲಿ ಗೆಡ್ಡೆಗಳನ್ನು ಆರೆಗಾನ್ ರಾಜ್ಯದ ದಕ್ಷಿಣ ಕರಾವಳಿಗೆ ತಂದು ನೆರೆಹೊರೆಯವರಿಗೆ ಹಂಚಿದ್ದರು. ಹಿತ್ತಿಲಿನಲ್ಲಿ ಹವ್ಯಾಸಕ್ಕಾಗಿ ಬೆಳೆದಿದ್ದವರ ಗೆಡ್ಡೆಗೆ ಯುದ್ಧಕಾಲದಲ್ಲಿ ಹಠಾತ್ತನೆ ಬೆಲೆ ಬಂದಿತು. ಜನ ಅದನ್ನು ಬಿಳಿಯ ಚಿನ್ನವೆಂದು ಕರೆದರು. 1945ರ ಹೊತ್ತಿಗೆ ಕೆನಡಾದ ವ್ಯಾಂಕೂವರ್‌ನಿಂದ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ವರೆಗೆ ಸುಮಾರು 1,200 ಬೆಳೆಗಾರರು ಈ ಕಸುಬಿನಲ್ಲಿದ್ದರು.

ಬೆಲೆಯ ಆಸೆಗೆ ಬಂದವರಲ್ಲಿ ಬಹುತೇಕರು ಉಳಿಯಲಿಲ್ಲ. ಈ ಗೆಡ್ಡೆಗೆ ಕಡು ಚಳಿಯೂ ಕಡು ಬಿಸಿಯೂ ಇಲ್ಲದ, ವರ್ಷವಿಡೀ ತಂಪು ಮತ್ತು ತೇವವಿರುವ ನೆಲ ಬೇಕು. ರೋಗವನ್ನು ನಿಭಾಯಿಸುವ ತಾಳ್ಮೆಯೂ ಬೇಕು. ಕಾಲಕ್ರಮೇಣ ಉದ್ಯಮ ಆರೆಗಾನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳ ಗಡಿಯಲ್ಲಿ ಬ್ರೂಕಿಂಗ್ಸ್, ಹಾರ್ಬರ್ ಮತ್ತು ಸ್ಮಿತ್ ರಿವರ್ ಊರುಗಳ ಸುತ್ತಲಿನ ಕಿರಿದಾದ ಪಟ್ಟಿಗೆ ಸೀಮಿತವಾಯಿತು. ಕುಂಡದಲ್ಲಿ ಬೆಳೆಯುವ ಈಸ್ಟರ್ ಲಿಲಿಗೆ ಅಮೆರಿಕಕ್ಕೆ ಬೇಕಾದ ಗೆಡ್ಡೆಗಳೆಲ್ಲ ಬಹುಮಟ್ಟಿಗೆ ಇಲ್ಲಿಂದಲೇ, ಬೆರಳೆಣಿಕೆಯಷ್ಟು ಕುಟುಂಬಗಳಿಂದ ಬಂದಿವೆ. ಸ್ಥಳೀಯ ಬೆಳೆಗಾರ ಜೇಮ್ಸ್ ವೈಟ್ ತಮ್ಮ ಪತ್ನಿಯ ಹೆಸರಿಟ್ಟ ‘ನೆಲ್ಲಿ ವೈಟ್’ ತಳಿ ಇಡೀ ಮಾರುಕಟ್ಟೆಯ ಪ್ರಧಾನ ತಳಿಯಾಯಿತು. ಬೆಳೆಗಾರರೇ ಸೇರಿ ಹಾರ್ಬರ್‌ನಲ್ಲಿ ಸಂಶೋಧನಾ ಕೇಂದ್ರವೊಂದನ್ನು ನಡೆಸುತ್ತ ಬಂದಿದ್ದಾರೆ. ಪ್ರತಿಸ್ಪರ್ಧಿಗಳು ರೋಗದ ವಿಚಾರದಲ್ಲಿ ಒಂದಾದುದು ಗಮನಾರ್ಹ.

ಹೊಲದ ಮೂವರು ಶತ್ರುಗಳು

ಮಾರಾಟಕ್ಕೆ ಯೋಗ್ಯವಾದ ಒಂದು ಗೆಡ್ಡೆಯಾಗಲು ಸುಮಾರು ಮೂರು ವರ್ಷ ಹಿಡಿಯುತ್ತದೆ. ತಾಯಿಗೆಡ್ಡೆಯ ಎಸಳುಗಳಿಂದ ಅಥವಾ ಮಣ್ಣಿನೊಳಗಿನ ಕಾಂಡದ ಮೇಲೆ ಮೂಡುವ ಮರಿಗೆಡ್ಡೆಗಳಿಂದ ಬೆಳೆ ಆರಂಭವಾಗುತ್ತದೆ. ಪ್ರತಿ ವರ್ಷ ಶರತ್ಕಾಲದಲ್ಲಿ ಅಗೆದು, ವಿಂಗಡಿಸಿ, ಮತ್ತೆ ಬೇರೆ ಹೊಲದಲ್ಲಿ ನೆಡಲಾಗುತ್ತದೆ. ಬೇಸಿಗೆಯಲ್ಲಿ ಮೊಗ್ಗು ಬಂದೊಡನೆ ಅದನ್ನು ಚಿವುಟಿ ಹಾಕುತ್ತಾರೆ. ಹೂವಿಗಾಗಿಯೇ ಬೆಳೆಯುವ ಗಿಡದ ಹೂವನ್ನು ತೆಗೆದುಹಾಕುವುದು ವಿಚಿತ್ರವೆನಿಸಬಹುದು. ಗಿಡದ ಶಕ್ತಿಯೆಲ್ಲ ಗೆಡ್ಡೆಗೆ ಇಳಿಯಲಿ ಎಂಬುದೇ ಇದರ ಉದ್ದೇಶ.

ಈ ಮೂರು ವರ್ಷಗಳಲ್ಲಿ ಗೆಡ್ಡೆಗೆ ಮೂವರು ಶತ್ರುಗಳಿದ್ದಾರೆ. ಮೊದಲನೆಯದು ಬೊಟ್ರೈಟಿಸ್ ಎಂಬ ಶಿಲೀಂಧ್ರದಿಂದ ಬರುವ ಎಲೆ ಅಂಗಮಾರಿ. ಮಂಜು, ಜಡಿಮಳೆಗಳಿಂದ ಎಲೆ ಗಂಟೆಗಟ್ಟಲೆ ಒದ್ದೆಯಾಗಿದ್ದರೆ ಅದರ ಮೇಲೆ ಕಂದು ಬಣ್ಣದ ಉದ್ದುರುಟು ಮಚ್ಚೆಗಳು ಕಾಣಿಸಿಕೊಂಡು ಕೆಲವೇ ದಿನಗಳಲ್ಲಿ ಇಡೀ ಗಿಡ ಸುಟ್ಟಂತಾಗುತ್ತದೆ. ಈ ರೋಗ ಸಾಮಾನ್ಯವಾಗಿ ಗೆಡ್ಡೆಯನ್ನು ನೇರವಾಗಿ ಕೊಳೆಸುವುದಿಲ್ಲ. ಎಲೆಯೇ ಹೋದ ಮೇಲೆ ಗೆಡ್ಡೆ ದಪ್ಪವಾಗುವುದಿಲ್ಲ. ಗಾತ್ರಕ್ಕೆ ತಕ್ಕ ಬೆಲೆಯಿರುವ ಈ ವ್ಯಾಪಾರದಲ್ಲಿ ಅದೇ ನಷ್ಟ. ಸಾಲುಗಳ ನಡುವೆ ಗಾಳಿಯಾಡುವಂತೆ ನೆಡುವುದು, ಹಳೆಯ ಎಲೆಕಸವನ್ನು ಹೊಲದಲ್ಲಿ ಬಿಡದಿರುವುದು, ತಾಮ್ರಯುಕ್ತ ಔಷಧಿಯನ್ನು ಮಳೆಗೆ ಮೊದಲೇ ಸಿಂಪಡಿಸುವುದು ವಾಡಿಕೆಯ ಕ್ರಮಗಳು.

ಎರಡನೆಯದು ಫ್ಯುಸೇರಿಯಂ ಶಿಲೀಂಧ್ರದ ಬುಡಕೊಳೆ. ಇದು ಮಣ್ಣಿನಲ್ಲಿ ವರ್ಷಗಳ ಕಾಲ ಉಳಿಯುತ್ತದೆ ಮತ್ತು ಗೆಡ್ಡೆಯ ಬುಡದ ತಟ್ಟೆಯ ಗಾಯಗಳ ಮೂಲಕ ಒಳನುಗ್ಗುತ್ತದೆ. ತಟ್ಟೆ ಕಂದು ಬಣ್ಣಕ್ಕೆ ತಿರುಗಿ ಎಸಳುಗಳು ಒಂದೊಂದಾಗಿ ಕಳಚುತ್ತವೆ. ಮಣ್ಣು ಬೆಚ್ಚಗಾದಷ್ಟೂ ರೋಗ ಉಲ್ಬಣಿಸುತ್ತದೆ. ಕೊಳೆತ ಜಾಗಕ್ಕೆ ಗೆಡ್ಡೆ ನುಸಿಗಳೂ ಬಂದು ಸೇರುತ್ತವೆ. ಸೋಂಕು ಇನ್ನೂ ಆರಂಭದಲ್ಲಿರುವ ಗೆಡ್ಡೆ ಹೊರಗಿನಿಂದ ಆರೋಗ್ಯವಾಗಿಯೇ ಕಾಣುವುದರಿಂದ ವಿಂಗಡಣೆಯ ಮೇಜನ್ನು ದಾಟಿ ಹೋಗುತ್ತದೆ.

ಮೂರನೆಯದು ಬೇರಿನಲ್ಲಿ ಗಾಯ ಮಾಡುವ ಸೂಕ್ಷ್ಮ ಜಂತುಹುಳು. ಬರಿಗಣ್ಣಿಗೆ ಕಾಣದ ಈ ಜಂತು ಬೇರುಗಳನ್ನು ಕೊರೆದು ತಿನ್ನುತ್ತದೆ. ಅದು ಮಾಡಿದ ಗಾಯಗಳು ಶಿಲೀಂಧ್ರಗಳಿಗೆ ದಾರಿಯಾಗುತ್ತವೆ. ಇದರ ನಿಯಂತ್ರಣಕ್ಕಾಗಿ ಸ್ಮಿತ್ ರಿವರ್ ಬಯಲಿನಲ್ಲಿ ಮಣ್ಣಿಗೆ ತೀವ್ರ ರಾಸಾಯನಿಕಗಳನ್ನು ಹಾಕಲಾಯಿತು. 1980ರ ದಶಕದಲ್ಲಿ ಆ ಪ್ರದೇಶದ ಬಾವಿಗಳ ನೀರಿನಲ್ಲಿ ಅವುಗಳ ಅಂಶ ಪತ್ತೆಯಾಯಿತು. 2010ರ ದಶಕದಲ್ಲಿ ಹೊಲಗಳ ಬದಿಯ ತೊರೆಗಳಲ್ಲಿ ತಾಮ್ರದ ಅಂಶದ ಪ್ರಶ್ನೆಯೂ ಎದ್ದಿತು. ಆ ನದಿ ಸಾಲ್ಮನ್ ಮೀನಿನ ನೆಲೆ. ಲಿಲಿ ಬೆಳೆದ ಹೊಲವನ್ನು ಕೆಲವು ವರ್ಷ ಹುಲ್ಲುಗಾವಲಾಗಿ ಬಿಟ್ಟು ಮತ್ತೆ ಲಿಲಿಗೆ ಮರಳುವ ಪದ್ಧತಿ ಅಲ್ಲಿ ರೂಢಿಯಲ್ಲಿದೆ. ಆದರೂ ರೋಗನಿಯಂತ್ರಣದ ವೆಚ್ಚ ಔಷಧಿಯ ಬಿಲ್ಲಿಗೆ ಮುಗಿಯುವುದಿಲ್ಲ, ಅದರ ಒಂದು ಭಾಗವನ್ನು ಊರಿನ ನೀರು ಭರಿಸುತ್ತದೆ ಎಂಬ ಎಚ್ಚರಿಕೆ ಈ ಪ್ರಸಂಗದಲ್ಲಿದೆ.

ಅಗೆತದ ದಿನಗಳು

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಅವಧಿಯಲ್ಲಿ ಅಮೆರಿಕದ ಕರಾವಳಿಯಲ್ಲಿ ಗೆಡ್ಡೆ ಅಗೆಯಲಾಗುತ್ತದೆ. ಬೇಗ ಅಗೆದರೆ ಗೆಡ್ಡೆ ಪೂರ್ಣವಾಗಿ ಬಲಿತಿರುವುದಿಲ್ಲ. ತಡಮಾಡಿದರೆ ಮಳೆ ಹಿಡಿದು ಹೊಲ ಕೆಸರಾಗುತ್ತದೆ, ಹಬ್ಬದ ಲೆಕ್ಕವೂ ತಪ್ಪುತ್ತದೆ. ಯಂತ್ರ ಮಣ್ಣನ್ನು ಸಡಿಲಿಸಿ ಗೆಡ್ಡೆಯನ್ನು ಮೇಲೆತ್ತುತ್ತದೆ. ಆಯ್ಕೆಯಲ್ಲಿ ಮನುಷ್ಯರ ಕೈ ಕಣ್ಣುಗಳು ಇಂದಿಗೂ ಅನಿವಾರ್ಯ.

ಅಗೆದ ಗೆಡ್ಡೆ ಬಿಸಿಲಿನಲ್ಲಿ, ಗಾಳಿಯಲ್ಲಿ ಕಾಯಬಾರದು. ಆದಷ್ಟು ಬೇಗ ನೆರಳಿಗೆ ಸಾಗಿಸಬೇಕು. ಬೇರುಗಳನ್ನು ಕತ್ತರಿಸಿ ಒಪ್ಪ ಮಾಡುವ ಉತ್ಸಾಹ ಸಲ್ಲದು. ಕೊಳೆತ, ಮುರಿದ, ಬುಡ ಕಂದಿದ ಗೆಡ್ಡೆಗಳನ್ನು ಅಲ್ಲಿಯೇ ಬೇರ್ಪಡಿಸಬೇಕು. ಒಂದು ಪೆಟ್ಟಿಗೆಯಲ್ಲಿ ಸೇರಿಕೊಂಡ ಒಂದೇ ಕೊಳೆತ ಗೆಡ್ಡೆ ತನ್ನ ಸುತ್ತಲಿನವಕ್ಕೆ ರೋಗ ಹಂಚುತ್ತದೆ. ನಂತರ ಸುತ್ತಳತೆಯ ಮೇಲೆ ವಿಂಗಡಣೆ. ಯೂರೋಪಿನ ವ್ಯಾಪಾರದಲ್ಲಿ 12/14, 14/16, 16/18 ಸೆಂಟಿಮೀಟರ್ ಎಂಬ ದರ್ಜೆಗಳು ರೂಢಿಯಲ್ಲಿವೆ. ಒಂದೇ ತಳಿಯಲ್ಲಿ ಸುತ್ತಳತೆ ಹೆಚ್ಚಿದಂತೆ ಕಡ್ಡಿಯ ಮೇಲಿನ ಮೊಗ್ಗುಗಳ ಸಂಖ್ಯೆಯೂ ಹೆಚ್ಚುತ್ತದೆ. ಬೆಲೆಪಟ್ಟಿ ಅದನ್ನೇ ಅನುಸರಿಸುತ್ತದೆ.

ಸಾವಿರ ಗಂಟೆಗಳ ಲೆಕ್ಕ

ಗೆಡ್ಡೆಯ ಶೇಖರಣೆಯೆಂದರೆ ಕೇವಲ ಕೆಡದಂತೆ ಕಾಯುವುದಲ್ಲ. ಶೈತ್ಯವೇ ಗೆಡ್ಡೆಯನ್ನು ಹೂವಿಗೆ ಸಿದ್ಧಪಡಿಸುತ್ತದೆ. ಈಸ್ಟರ್ ಲಿಲಿಯ ಗೆಡ್ಡೆಯನ್ನು ತೇವದ ಪೀಟ್ ಹುಡಿಯಲ್ಲಿ ಪೆಟ್ಟಿಗೆಗೆ ತುಂಬಿ ಸುಮಾರು 4ರಿಂದ 7 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಆರು ವಾರ, ಅಂದರೆ ಸುಮಾರು 1,000 ಗಂಟೆ ಇಡಲಾಗುತ್ತದೆ. ಈ ಅವಧಿ ಕಡಿಮೆಯಾದರೆ ಮೊಳಕೆ ಏಕರೂಪವಾಗಿ ಬರುವುದಿಲ್ಲ, ಹೂ ತಡವಾಗುತ್ತದೆ. ಹೆಚ್ಚಾದರೆ ಹೂ ಬೇಗ ಬರುತ್ತದೆ, ಎಲೆ ಮತ್ತು ಮೊಗ್ಗುಗಳ ಸಂಖ್ಯೆ ಇಳಿಯುತ್ತದೆ. ಹುಡಿ ಒಣಗಿದ್ದರೆ ಗಂಟೆಗಳ ಲೆಕ್ಕ ಸರಿಯಿದ್ದರೂ ಶೈತ್ಯದ ಪ್ರಭಾವ ಪೂರ್ಣವಾಗುವುದಿಲ್ಲ.

ಇದರಲ್ಲಿ ಹಬ್ಬದ ಪಂಚಾಂಗವೂ ಸೇರಿಕೊಂಡಿದೆ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವ ಭಾನುವಾರವಾದರೂ ಬರಬಹುದು. 2024ರಲ್ಲಿ ಅದು ಮಾರ್ಚ್ 31ರಂದು ಬಂದರೆ 2025ರಲ್ಲಿ ಏಪ್ರಿಲ್ 20ರಂದು ಬಂದಿತು. ಅಗೆಯುವ ಕಾಲ ಅಷ್ಟಾಗಿ ಬದಲಾಗದು. ಹಬ್ಬ ಮಾತ್ರ ಇಪ್ಪತ್ತು ದಿನ ಹಿಂದೆ ಮುಂದೆ ಸರಿಯುತ್ತದೆ. ಹಬ್ಬಕ್ಕೆ ಒಂದು ವಾರ ತಡವಾಗಿ ಅರಳಿದ ಗಿಡಕ್ಕೆ ಗಿರಾಕಿಯಿಲ್ಲ. ಗೌರಿ ಗಣೇಶ ಹಬ್ಬದ ಮರುದಿನ ಹೂವಿನ ಬೆಲೆ ಏನಾಗುತ್ತದೆ ಎಂಬುದನ್ನು ಕಂಡಿರುವ ನಮ್ಮ ವರ್ತಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಲೆಂಡಿನ ಹಿಮಗೃಹಗಳು

ಕತ್ತರಿಸಿ ಮಾರುವ ಏಷ್ಯಾಟಿಕ್ ಮತ್ತು ಓರಿಯೆಂಟಲ್ ವರ್ಗದ ಲಿಲಿಗಳ ಗೆಡ್ಡೆಯಲ್ಲಿ ನೆದರ್ಲೆಂಡ್ಸ್ ಜಗತ್ತಿಗೇ ಅಗ್ರಗಣ್ಯ. ಅಲ್ಲಿ 1923ರಿಂದಲೂ ಹೂಗೆಡ್ಡೆಗಳ ತಪಾಸಣೆಗೆ ಪ್ರತ್ಯೇಕ ಸಂಸ್ಥೆಯಿದೆ. ಬೆಳೆ ಹೊಲದಲ್ಲಿರುವಾಗಲೂ ಅಗೆದ ನಂತರವೂ ತಪಾಸಣೆ ನಡೆಯುತ್ತದೆ. ವೈರಸ್ ಪರೀಕ್ಷೆಯ ಫಲಿತಾಂಶಕ್ಕೆ ಅನುಗುಣವಾಗಿ ಸರಕಿಗೆ ದರ್ಜೆ ನೀಡಲಾಗುತ್ತದೆ. ಖರೀದಿದಾರ ಸಾವಿರಾರು ಮೈಲಿ ದೂರದಿಂದ ಹಣ ಕಳುಹಿಸುವುದು ಈ ದರ್ಜೆಯನ್ನು ನಂಬಿ.

ವರ್ಷವಿಡೀ ಹೂ ಬೇಕೆಂದರೆ ಗೆಡ್ಡೆಯನ್ನು ವರ್ಷವಿಡೀ ಇಡಬೇಕು. ಇದಕ್ಕಾಗಿ ಡಚ್ಚರು ಘನೀಕೃತ ಶೇಖರಣೆಯನ್ನು ಬೆಳೆಸಿದರು. ಅಗೆದು ತೊಳೆದ ಗೆಡ್ಡೆಗಳನ್ನು ರಂಧ್ರಗಳಿರುವ ಪ್ಲಾಸ್ಟಿಕ್ ಹಾಳೆ ಹಾಸಿದ ಕ್ರೇಟುಗಳಲ್ಲಿ ಪೀಟ್ ಹುಡಿಯೊಂದಿಗೆ ತುಂಬಿ ಮೊದಲು ಕೆಲವು ವಾರ 2ರಿಂದ 4 ಡಿಗ್ರಿಯಲ್ಲಿ ತಣಿಸುತ್ತಾರೆ. ಈ ಅವಧಿಯಲ್ಲಿ ಗೆಡ್ಡೆಯೊಳಗಿನ ಪಿಷ್ಟದ ಒಂದು ಭಾಗ ಸಕ್ಕರೆಯಾಗಿ ಪರಿವರ್ತನೆಗೊಳ್ಳುತ್ತದೆ. ಉಪ್ಪುನೀರು ಬೇಗ ಹೆಪ್ಪುಗಟ್ಟದಂತೆ ಸಕ್ಕರೆ ತುಂಬಿದ ರಸವೂ ಬೇಗ ಹೆಪ್ಪುಗಟ್ಟುವುದಿಲ್ಲ. ನಂತರವೇ ಶೂನ್ಯಕ್ಕಿಂತ ಕೆಳಗಿನ ಉಷ್ಣತೆ. ಏಷ್ಯಾಟಿಕ್ ವರ್ಗವನ್ನು ಮೈನಸ್ 2 ಡಿಗ್ರಿಯಲ್ಲಿ ಸುಮಾರು ಒಂದು ವರ್ಷದವರೆಗೆ ಇಡಬಹುದು. ಓರಿಯೆಂಟಲ್ ವರ್ಗ ಅಷ್ಟು ಶೈತ್ಯವನ್ನು ತಡೆಯದು. ಅದಕ್ಕೆ ಮೈನಸ್ 1ರಿಂದ ಮೈನಸ್ 1.5 ಡಿಗ್ರಿ, ಅವಧಿಯೂ ಕಡಿಮೆ.

ಇಲ್ಲಿ ಅರ್ಧ ಡಿಗ್ರಿಯ ವ್ಯತ್ಯಾಸವೂ ಹಣದ ಪ್ರಶ್ನೆ. ಉಷ್ಣತೆ ಹೆಚ್ಚಾದರೆ ಕ್ರೇಟಿನಲ್ಲಿಯೇ ಮೊಳಕೆ ಬೆಳೆದು ಗೆಡ್ಡೆ ತನ್ನ ಸಂಚಿತ ಆಹಾರವನ್ನು ತಾನೇ ತಿನ್ನುತ್ತದೆ. ಕಡಿಮೆಯಾದರೆ ಎಸಳಿನ ಜೀವಕೋಶಗಳು ಒಡೆಯುತ್ತವೆ. ಕ್ರೇಟುಗಳ ಸಾಲಿನ ನಡುವೆ ತಂಗಾಳಿ ಸಮನಾಗಿ ಹರಿಯದಿದ್ದರೆ ಒಂದೇ ಕೋಣೆಯ ಎರಡು ಮೂಲೆಗಳಲ್ಲಿ ಎರಡೂ ಬಗೆಯ ಹಾನಿ ಏಕಕಾಲಕ್ಕೆ ಆಗಬಹುದು.

ಶೈತ್ಯ ರೋಗವನ್ನು ನಿಧಾನಗೊಳಿಸುತ್ತದೆ, ಕೊಲ್ಲುವುದಿಲ್ಲ. ಪೆನಿಸಿಲಿಯಂ ಶಿಲೀಂಧ್ರದ ನೀಲಿ ಬೂಷ್ಟು ಗಾಯಗೊಂಡ ಎಸಳಿನ ಮೇಲೆ ಕುಳಿತು, ಮೈನಸ್ 2 ಡಿಗ್ರಿಯಲ್ಲಿಯೂ ಅತಿ ನಿಧಾನವಾಗಿ ಒಳಗೆ ಇಳಿಯುತ್ತದೆ. ಆರು ತಿಂಗಳ ನಂತರ ಅದು ಬುಡದ ತಟ್ಟೆಯನ್ನು ತಲುಪಿದ್ದರೆ ಗೆಡ್ಡೆ ನೆಡಲು ಯೋಗ್ಯವಲ್ಲ. ಅಗೆತದ ದಿನ ಆದ ಒರಟು ನಿರ್ವಹಣೆಯ ಬೆಲೆಯನ್ನು ಹೀಗೆ ಶೈತ್ಯಾಗಾರ ಬಡ್ಡಿ ಸಹಿತ ವಸೂಲು ಮಾಡುತ್ತದೆ.

ಕರಗಿಸುವ ಹಂತದಲ್ಲಿಯೂ ನಿಯಮವಿದೆ. ಹೊರಗೆ ತೆಗೆದ ಕ್ರೇಟಿನ ಪ್ಲಾಸ್ಟಿಕ್ ಹಾಳೆಯನ್ನು ಬಿಚ್ಚಿ 10ರಿಂದ 15 ಡಿಗ್ರಿ ಉಷ್ಣತೆಯಲ್ಲಿ ನಿಧಾನವಾಗಿ ಕರಗಿಸಬೇಕು. ಒಮ್ಮೆ ಕರಗಿದ ಗೆಡ್ಡೆಯನ್ನು ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ, ಬೇಗನೆ ನೆಡಬೇಕು.

ನಮ್ಮ ವರ್ತಕರಿಗೆ ಏನು ಮುಖ್ಯ?

ಬೆಂಗಳೂರಿನ ಸುತ್ತಮುತ್ತಲ ಹಸಿರುಮನೆಗಳಲ್ಲಿಯೂ ನೀಲಗಿರಿಯಲ್ಲಿಯೂ ಲಿಲಿ ಬೆಳೆಯುವವರು ಹೆಚ್ಚಾಗಿ ಆಮದು ಗೆಡ್ಡೆಗಳನ್ನೇ ಅವಲಂಬಿಸಿದ್ದಾರೆ. ಬೆಳೆಯ ಒಟ್ಟು ವೆಚ್ಚದಲ್ಲಿ ಗೆಡ್ಡೆಯದೇ ದೊಡ್ಡ ಪಾಲು. ಆಮದಿಗೆ 2003ರ ಸಸ್ಯ ಕ್ವಾರಂಟೈನ್ ಆದೇಶ ಅನ್ವಯಿಸುತ್ತದೆ: ಆಮದು ಪರವಾನಗಿ, ರಫ್ತು ಮಾಡುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಮತ್ತು ಆಗಮನ ಸ್ಥಳದಲ್ಲಿ ತಪಾಸಣೆ. ಇದನ್ನು ಕೇವಲ ಕಾಗದದ ಕಿರಿಕಿರಿಯೆಂದು ಭಾವಿಸುವ ಪ್ರವೃತ್ತಿ ಕೆಲವರಲ್ಲಿದೆ. ಬರ್ಮುಡಾದ ಚರಿತ್ರೆಯನ್ನು ಬಲ್ಲವರು ಹಾಗೆ ಭಾವಿಸಲಾರರು. ಗೆಡ್ಡೆಯೊಂದಿಗೆ ಬಂದ ಜಂತುಹುಳುವಾಗಲಿ ವೈರಸ್ ಆಗಲಿ ಲಿಲಿ ತೋಟಕ್ಕೇ ಸೀಮಿತವಾಗಿ ಉಳಿಯುವುದಿಲ್ಲ. ಸೌತೆಯ ಮೊಸಾಯಿಕ್ ವೈರಸ್ ತರಕಾರಿ ಬೆಳೆಗಳಿಗೂ ಹರಡಬಲ್ಲದು.

ನಮ್ಮಲ್ಲಿ ಗೆಡ್ಡೆಯ ಅನುಭವ ಇಲ್ಲವೆಂದಲ್ಲ. ಸುಗಂಧರಾಜ ನಮ್ಮ ರೈತರಿಗೆ ಬಹುಕಾಲದ ಪರಿಚಿತ ಬೆಳೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಅರ್ಕಾ ಪ್ರಜ್ವಲ್’ ಮುಂತಾದ ತಳಿಗಳನ್ನು ಕೊಟ್ಟಿದೆ. ಎಲೆ ಹಳದಿಯಾಗಿ ಒಣಗಿದ ಮೇಲೆ ಗೆಡ್ಡೆ ಅಗೆದು, ನೆರಳಿನಲ್ಲಿ ಹರಡಿ, ಆಗಾಗ ಮಗುಚಿ ಒಣಗಿಸಿ, ಕೆಲವು ವಾರ ವಿಶ್ರಾಂತಿ ಕೊಟ್ಟು ನೆಡುವುದು ಅದರ ಕ್ರಮ. ಈ ಕ್ರಮ ಸುಗಂಧರಾಜಕ್ಕೆ ಸರಿ. ಅದನ್ನೇ ಲಿಲಿಗೆ ಅನ್ವಯಿಸಿ, ಬಂದ ಕ್ರೇಟುಗಳನ್ನು ಬಿಚ್ಚಿ ನೆಲದ ಮೇಲೆ ಹರಡಿ ಒಣಗಿಸಿದರೆ ಗೆಡ್ಡೆಯ ಬೇರು ಸಾಯುತ್ತದೆ. ಒಂದಕ್ಕೆ ರಕ್ಷಣೆಯಾದುದು ಇನ್ನೊಂದಕ್ಕೆ ವಿನಾಶ.

ಆದ್ದರಿಂದ ಆಮದುದಾರರು, ಶೈತ್ಯಾಗಾರದ ಮಾಲೀಕರು ಮತ್ತು ಬೆಳೆಗಾರರು ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡುವುದು ಹಿತಕರ.

1. ಖರೀದಿ ಒಪ್ಪಂದದಲ್ಲಿ ತಳಿ ಮತ್ತು ಸುತ್ತಳತೆಯ ಜೊತೆಗೆ ಅಗೆತದ ವರ್ಷ, ವೈರಸ್ ಪರೀಕ್ಷೆಯ ದರ್ಜೆ ಹಾಗೂ ಶೇಖರಣೆಯ ಉಷ್ಣತೆಯನ್ನು ಬರೆಸಿಕೊಳ್ಳಬೇಕು.

2. ಕಂಟೇನರಿನೊಳಗೆ ಉಷ್ಣತೆ ದಾಖಲಿಸುವ ಉಪಕರಣ ಇರಿಸುವಂತೆ ಕೇಳಬೇಕು. ಬಂದರಿನಲ್ಲಿ ಅಥವಾ ವಿಮಾನ ನಿಲ್ದಾಣದಲ್ಲಿ ಸರಕು ಬಿಸಿಲಿಗೆ ನಿಂತ ಗಂಟೆಗಳು ಆ ದಾಖಲೆಯಲ್ಲಿ ಕಾಣುತ್ತವೆ. ಪರಿಹಾರದ ವಿವಾದದಲ್ಲಿ ಅದೇ ಸಾಕ್ಷಿ.

3. ಸರಕು ಬಂದ ದಿನವೇ ಬೇರೆ ಬೇರೆ ಕ್ರೇಟುಗಳಿಂದ ಗೆಡ್ಡೆಗಳನ್ನು ಆಯ್ದು ಬುಡದ ತಟ್ಟೆಯನ್ನು ನೋಡಬೇಕು, ಕೆಲವನ್ನು ಉದ್ದಕ್ಕೆ ಸೀಳಿ ಪರೀಕ್ಷಿಸಬೇಕು. ತಟ್ಟೆ ಗಟ್ಟಿಯಾಗಿ ಬೆಳ್ಳಗಿದ್ದರೆ ಕ್ಷೇಮ. ಕಂದು ಬಣ್ಣ ಒಳಗೆ ಇಳಿದಿದ್ದರೆ ಬುಡಕೊಳೆಯ ಶಂಕೆ. ಛಾಯಾಚಿತ್ರ ಮತ್ತು ದಿನಾಂಕ ಸಹಿತ ದೂರನ್ನು ತಡವಿಲ್ಲದೆ ಸಲ್ಲಿಸಬೇಕು.

4. ಹೆಪ್ಪುಗಟ್ಟಿ ಬಂದ ಸರಕನ್ನು ಆಯಾ ವಾರ ನೆಡುವಷ್ಟೇ ಕರಗಿಸಬೇಕು. ಉಳಿದುದಕ್ಕೆ ಮೈನಸ್ ಉಷ್ಣತೆಯನ್ನು ಏರಿಳಿತವಿಲ್ಲದೆ ಕಾಯ್ದುಕೊಳ್ಳುವ ಕೋಣೆ ಬೇಕು. ಹಣ್ಣು ತರಕಾರಿಗೆಂದು ಕಟ್ಟಿದ, ದಿನಕ್ಕೆ ಹತ್ತಾರು ಬಾರಿ ಬಾಗಿಲು ತೆರೆಯುವ ಕೋಣೆ ಇದಕ್ಕೆ ತಕ್ಕುದಲ್ಲ.

5. ಬೆಚ್ಚಗಿನ ಮಣ್ಣಿನಲ್ಲಿ ಬುಡಕೊಳೆ ಹೆಚ್ಚುವುದರಿಂದ ಬೇಸಿಗೆಯಲ್ಲಿ ನೆರಳು, ಹೊದಿಕೆ ಮತ್ತು ತಂಪು ನೀರಿನಿಂದ ಮಣ್ಣಿನ ಉಷ್ಣತೆಯನ್ನು ಇಳಿಸಬೇಕು. ಒಂದೇ ಮಡಿಯಲ್ಲಿ ಮತ್ತೆ ಮತ್ತೆ ಲಿಲಿ ನೆಡಬಾರದು.

6. ಹೂ ಕೊಯ್ದ ನಂತರ ಉಳಿದ ಗೆಡ್ಡೆಯನ್ನು ಅಗ್ಗದ ಬಿತ್ತನೆಯೆಂದು ಮಾರುವಾಗಲೂ ಕೊಳ್ಳುವಾಗಲೂ ಎಚ್ಚರಿಕೆ ಅಗತ್ಯ. ಸಸ್ಯಹೇನು ಕಂಡಿದ್ದ ತೋಟದ ಗೆಡ್ಡೆಯಲ್ಲಿ ವೈರಸ್ ಇರುವ ಸಂಭವ ಹೆಚ್ಚು.

ಲಿಲಿಯ ವ್ಯಾಪಾರದಲ್ಲಿ ಬರ್ಮುಡಾ ಕಳೆದುಕೊಂಡ ಮಾರುಕಟ್ಟೆಯನ್ನು ಜಪಾನ್ ಗಳಿಸಿತು, ಜಪಾನ್ ಕಳೆದುಕೊಂಡುದನ್ನು ಅಮೆರಿಕದ ಕರಾವಳಿ ಗಳಿಸಿತು. ಯುದ್ಧ ಯಾರ ಕೈಯಲ್ಲೂ ಇರಲಿಲ್ಲ. ಆದರೆ ಬರ್ಮುಡಾ ರೋಗದಿಂದ ಕಳೆದುಕೊಂಡದ್ದನ್ನು ತಪಾಸಣೆಯಿಂದ ಮರಳಿ ಪಡೆಯಲು ಸಾಧ್ಯವಾಯಿತು ಎಂಬುದು ಮರೆಯಬಾರದ ಅಂಶ. ಸುಗಂಧರಾಜದ ಗೆಡ್ಡೆ, ಶುಂಠಿ, ಅರಿಶಿನ, ಆಲೂಗೆಡ್ಡೆ — ಹೀಗೆ ನೆಲದೊಳಗಿನ ಬಿತ್ತನೆಯನ್ನು ಮಾರುವ ಎಲ್ಲರಿಗೂ ಇದು ಸಲ್ಲುತ್ತದೆ. ಬಿತ್ತನೆ ಮಾರುವವನು ಮಾರುವುದು ಇಂದಿನ ಸರಕನ್ನಲ್ಲ, ಕೊಂಡವನ ಮುಂದಿನ ವರ್ಷದ ಬೆಳೆಯನ್ನು. ಅಗೆಯುವ ಕೈ ಮೃದುವಾಗಿ, ವಿಂಗಡಿಸುವ ಕಣ್ಣು ನಿಷ್ಠುರವಾಗಿ, ಶೈತ್ಯಾಗಾರದ ದಾಖಲೆ ಪ್ರಾಮಾಣಿಕವಾಗಿ ಇದ್ದಲ್ಲಿ ಮಾತ್ರ ಆ ಗಿರಾಕಿ ಮರುವರ್ಷವೂ ಅದೇ ಅಂಗಡಿಯ ಬಾಗಿಲಿಗೆ ಬರುತ್ತಾನೆ.